ದ್ವಾರಕನಾಥ ಮಾಮನ ಕೊನೆಯ ಟ್ಯಾಕ್ಸ್ ರಿಟರ್ನ್

ನನ್ನ ಬುದ್ಧಿಯ ಮೇಲೆ ನನ್ನ ಹೆಂಡತಿ ಜಲಜಾಗೆ ಎಳ್ಳಷ್ಟೂ ನಂಬಿಕೆಯಿಲ್ಲ. ಅವಳ ಸೋದರಮಾವ ದ್ವಾರಕನಾಥರಿಗೆ ಇತ್ತು. (ಅವರು ನನ್ನ ಜೊತೆ ಒಂದೇ ಮನೆಯಲ್ಲಿ ಇರಲಿಲ್ಲವಲ್ಲ!) ಮದುವೆಯಾಗದ ಮಾಮ ನಮ್ಮ ಹಾಗೇ ಸಿಂಗಾಪುರದಲ್ಲಿ, ಜುರಾಂಗ್ ಐಲ್ಯಾಂಡಿನ ಕಾರ್ಖಾನೆಯಲ್ಲಿ ಎಂಜಿನಿಯರ್. 2013ರಲ್ಲಿ ಅವರು ತೀರಿಕೊಂಡಾಗ ನೋಡಿದರೆ, ವಿಲ್‌ನಲ್ಲಿ ಆಸ್ತಿ ಜಲಜಾಗೆ, ವ್ಯವಹಾರವನ್ನೆಲ್ಲ ಮುಗಿಸಿಕೊಡುವ ಎಕ್ಸಿಕ್ಯೂಟರ್ ಪಟ್ಟ ನನಗೆ!

"ಮಾಮ ಯಾರ ಬಾಕೀನೂ ಇಟ್ಕೊಂಡೋರಲ್ಲ," ಎಂದು ಜಲಜಾ ಕಣ್ಣೊರೆಸಿಕೊಂಡಳು. "ಅವರ ಕೊನೇ ಟ್ಯಾಕ್ಸೂ ನೀಟಾಗಿ ಮುಗೀಬೇಕು. ಅಕೌಂಟೆಂಟ್‌ಗೆ ಕೊಡಿ ರೀ."

"ಒನ್-ನಾರ್ತ್ ಟೆಕ್ ಪಾರ್ಕಲ್ಲಿ ಕೂತು ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಬರೆಯೋನು ನಾನು! ನಾಲ್ಕು ಹಾಳೆ ತುಂಬೋಕೆ ಅಕೌಂಟೆಂಟಾ?"

"ನೀವು ಅಂತಲೇ ಹೇಳ್ತಿರೋದು."

ಸಿಂಗಾಪುರದಲ್ಲಿ ಸತ್ತವರ ಆಸ್ತಿಗೆ ಹಾಕುತ್ತಿದ್ದ ತೆರಿಗೆ ಆಗಲೇ ರದ್ದಾಗಿತ್ತು. ಆದರೆ ಬದುಕಿದ್ದಾಗ ಬಂದ ಸಂಬಳ, ಬಾಡಿಗೆಗೆ ಯಾರಾದರೂ ಲೆಕ್ಕ ಒಪ್ಪಿಸಲೇಬೇಕು. ಊದುಬತ್ತಿ ಹಚ್ಚಿ, ಮಾಮನ ಫೋಟೋ ಎದುರು ಕೂತು, ಆ ಪುಣ್ಯಕಾರ್ಯವನ್ನು ನೆರವೇರಿಸಿದೆ. "ಒಂದ್ಸಲ ನೋಡ್ಲಾ?" ಅಂದಳು ಜಲಜಾ. "ಇದು ಗೌಪ್ಯ ದಸ್ತಾವೇಜು" ಎಂದು ಕವರಿಗೆ ಅಂಟು ಹಚ್ಚಿದೆ. ಪೋಸ್ಟ್ ಮಾಡಿ, ಹಾಕರ್ ಸೆಂಟರಿನ ತಿಂಡಿ ಅಂಗಡಿಯಲ್ಲಿ ನನಗೆ ನಾನೇ ಕಾಫಿ ಕೊಡಿಸಿಕೊಂಡು ಅಭಿನಂದಿಸಿಕೊಂಡೆ.

ಕೆಲವು ವಾರಗಳಾದ ಮೇಲೆ, ರಜೆ ಹಾಕಿ ಉಪ್ಪಿಟ್ಟು ತಿನ್ನುತ್ತಿದ್ದೆ. ನಮ್ಮಲ್ಲೇ ಇದ್ದ ಮಾಮನ ಮೊಬೈಲಿಗೆ ಫೋನ್ ಬಂತು. ಜಲಜಾ ಸ್ಪೀಕರ್ ಹಾಕಿದಳು. ತೆರಿಗೆ ಕಚೇರಿಯಿಂದ ಒಬ್ಬ ಹೆಂಗಸು.

"ಮಿಸ್ಟರ್ ದ್ವಾರಕನಾಥ್ ಇದ್ದಾರಾ?"

"ಅವರು ತೀರಿಕೊಂಡರು."

"ಅಯ್ಯೋ, ಅವರೂ ಹೋದರಾ? ಹಾಗಾದರೆ ದಿವಂಗತ ವಾಸು ಅವರ ಟ್ಯಾಕ್ಸ್ ಯಾರು ನೋಡ್ಕೋತಾರೆ?"

ನನ್ನ ಬಾಯಿಗೆ ಹೋಗುತ್ತಿದ್ದ ಚಮಚ ದಾರಿಯಲ್ಲೇ ನಿಂತಿತು. ವಾಸು ಅಂದರೆ ನಾನೇ.

ಜಲಜಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ದಿವಂಗತರು ಇಲ್ಲೇ ಎರಡನೇ ಸಲ ಉಪ್ಪಿಟ್ಟು ಹಾಕಿಸ್ಕೊಂಡಿದ್ದಾರೆ, ಮೇಡಂ."

ಆಗಿದ್ದಿಷ್ಟೇ. ಮೃತರ ವಿವರ ಕೇಳಿದ ಕಡೆ ನನ್ನದನ್ನೂ, ಅವರ ಪ್ರತಿನಿಧಿಯ ವಿವರ ಕೇಳಿದ ಕಡೆ ಮಾಮನದನ್ನೂ ಬರೆದಿದ್ದೆ. ನನ್ನ ತೆರಿಗೆ ಕಟ್ಟುವ ಹೊಣೆ ಪಾಪ, ಸ್ವರ್ಗದಲ್ಲಿದ್ದ ಮಾಮನ ತಲೆಗೆ ಬಿದ್ದಿತ್ತು! ವಿಷಯ ತಿಳಿದ ಮಗಳು ಸಿಂಚನಾ, "ಅಪ್ಪಾ, ನೀನು ಡೆಡ್ ಅಲ್ಲ ಲಾ, ಜಸ್ಟ್ ಬ್ಲರ್" ಎಂದು ಸಮಾಧಾನ ಹೇಳಿದಳು. (ಸಿಂಗಾಪುರದ ಇಂಗ್ಲಿಷಿನಲ್ಲಿ ಬ್ಲರ್ ಅಂದರೆ ಪೆದ್ದು.)

ಮಾರನೇ ದಿನ ನಾನೂ ಜಲಜಾನೂ ತೆರಿಗೆ ಕಚೇರಿಗೆ ಹೋದೆವು. ನನ್ನನ್ನು ಕೂರಿಸಿ, ಜಲಜಾ ಹೊಸ ಹಾಳೆಗಳನ್ನು ತುಂಬಿದಳು. ಮಾಮನ ಹೆಸರು ಬರೆಯುವಾಗ ಮಾತ್ರ ಅವಳ ಪೆನ್ನು ಸ್ವಲ್ಪ ನಿಂತಿತು. "ಮುಗೀತು ಮಾಮಾ" ಅಂದಳು, ನನಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ.

ಇನ್ನು ಉಳಿದದ್ದು ನನ್ನ ಪುನರ್ಜನ್ಮ. ಅಧಿಕಾರಿಣಿ ಇನ್ನೊಂದು ಹಾಳೆಯನ್ನು ಜಲಜಾ ಕಡೆ ಸರಿಸಿ, "ಇವರು ನಿಮ್ಮ ಗಂಡ, ಬದುಕಿದ್ದಾರೆ ಅಂತ ನೀವು ಇಲ್ಲಿ ಸೈನ್ ಮಾಡಬೇಕು" ಎಂದಳು.

ಜಲಜಾ ಪೆನ್ನು ಎತ್ತಿದಳು. ಇಳಿಸಿದಳು. ನನ್ನ ಕಡೆ ತಿರುಗಿ, ಕನ್ನಡದಲ್ಲಿ, ಬಹಳ ಮೃದುವಾಗಿ ಕೇಳಿದಳು:

"ರೀ, ಇನ್ಮೇಲೆ ಭಾನುವಾರ ಬಾತ್‌ರೂಮ್ ಯಾರು ತೊಳೀತಾರೆ?"

"ನಾನೇ" ಅಂದೆ.

"ಎರಡೂ?"

"ಎರಡೂ."

ಸೈನ್ ಹಾಕಿದಳು.