ಗಂಡನ ಟ್ಯಾಕ್ಸಿಗೆ ನಾನು ಮಾಡಿದ ಆಡಿಟ್

ನನ್ನ ಯಜಮಾನರು ಶಿವಸ್ವಾಮಿ ತಿ. ನರಸೀಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಟ್ಯಾಕ್ಸಿ ಇಟ್ಟುಕೊಂಡಿದ್ದಾರೆ. ಕಾರು ನಮ್ಮದೇ. ಅಂದರೆ, ಸಾಲದ ಕಂತು ತೀರುವವರೆಗೆ ಅದನ್ನು ನಮ್ಮದು ಎಂದು ಹೇಳಿಕೊಳ್ಳಲು ಬ್ಯಾಂಕಿನವರು ದೊಡ್ಡ ಮನಸ್ಸು ಮಾಡಿದ್ದಾರೆ. ದಿನಾ ಸಂಜೆ ಅವರು ಬಂದು ಕಾರಿನ ಕೀಯನ್ನು ಗೋಡೆಯ ಮೊಳೆಗೆ ಸಿಕ್ಕಿಸುವಾಗ ನಾನು ಕೇಳುವ ಪ್ರಶ್ನೆ ಒಂದೇ, ಅವರು ಕೊಡುವ ಉತ್ತರವೂ ಒಂದೇ.

"ಎಷ್ಟು ಉಳೀತು ರೀ?"

"ಉಳಿಯೋದೇನೈತಮ್ಮಿ? ಗಾಡಿ ಓಡ್ತು, ಅದರ ಜೊತೆ ನಾನೂ ಓಡ್ದೆ."

ಇದನ್ನು ನಂಬಿಕೊಂಡು ನಾನು ಸುಖವಾಗಿಯೇ ಇದ್ದೆ. ಸುಖ ಕೆಡಿಸಿದವರು ಪಕ್ಕದ ಮನೆಯ ರತ್ನಕ್ಕ. ಯಾರದೋ ಟ್ಯಾಕ್ಸಿಯಲ್ಲಿ ಮೈಸೂರಿಗೆ ಹೋಗಿ ಬಂದವರು, ಕಾಂಪೌಂಡಿನ ಆಚೆಯಿಂದಲೇ ಶುರುಮಾಡಿದರು.

"ಮೈಸೂರಿಗೆ ಓಗಿ ಬರಕ್ಕೆ ಎರಡೂವರೆ ಸಾವಿರ ಕಿತ್ಕಂಡ ಕನ ಮಂಜುಳಾ! ಬೆಳಗ್ಗೆ ಓದ್ವಿ, ಮದ್ಯಾನಕ್ಕೆ ಬಂದ್ವಿ. ದಿನಾ ಒಂದು ಬಾಡಿಗೆ ಅಂದ್ರೂ ತಿಂಗಳಿಗೆ ಎಷ್ಟಾಯ್ತು? ಅಷ್ಟು ದುಡ್ಡ ನಿನ್ ಗಂಡ ಎಲ್ಲಿ ಮಡಗವ್ರೆ?"

ನಾನು ಪಿಯುಸಿಯಲ್ಲಿ ಅಕೌಂಟೆನ್ಸಿ ಓದಿದವಳು. ಫೇಲಾದದ್ದು ಇಂಗ್ಲಿಷಿನಲ್ಲಿ, ಅಕೌಂಟೆನ್ಸಿಯಲ್ಲಲ್ಲ! ಕೂಡಲೇ ಎರಡೂವರೆ ಸಾವಿರವನ್ನು ಮೂವತ್ತರಿಂದ ಗುಣಿಸಿದೆ. ಎಪ್ಪತ್ತೈದು ಸಾವಿರ ಬಂತು! ಅಂದರೆ ಇಷ್ಟು ದಿನ ನಾನೊಬ್ಬ ದೊಡ್ಡ ಆಫೀಸರನ ಹೆಂಡತಿಗೆ ಸಮಾನಳಾಗಿದ್ದೆ. ಬಟ್ಟೆ ಮಾತ್ರ ಕೈಯಲ್ಲಿ ಒಗೆಯುತ್ತಿದ್ದೆ!

ನನ್ನವರು ಕುಡಿಯುವವರಲ್ಲ, ಇಸ್ಪೀಟು ಮುಟ್ಟಿದವರಲ್ಲ. ಹಾಗಾದರೆ ಹಣ ಹೋಗುವುದೆಲ್ಲಿಗೆ? ಸ್ಥಳ ಪರಿಶೀಲನೆ ನಡೆಸದೆ ಇದು ಬಗೆಹರಿಯುವ ವಿಷಯವಲ್ಲ ಎಂದು ತೀರ್ಮಾನಿಸಿದೆ.

"ನಾಳೆ ನಾನೂ ಗಾಡೀಲಿ ಬತ್ತೀನಿ," ಎಂದೆ.

"ಬಾಡಿಗೆ ಗಾಡೀಲಿ ಎಂಡ್ತಿ ಕೂರಿಸ್ಕಂಡು ಓಗಕ್ಕಾದ್ದಾ? ಗಿರಾಕಿಗಳು ಏನಂದ್ಕತ್ತಾರೆ?"

"ಒಂದು ಮೂಲೇಲಿ ಕೂತಿರ್ತೀನಿ. ಉಸಿರೂ ಬಿಡಲ್ಲ."

"ನಾಳೆ ಮೇಷ್ಟ್ರದ್ದು ಬಾಡಿಗೆ ಕನಮ್ಮಿ. ಬ್ಯಾಡ," ಎಂದರು.

ಮೇಷ್ಟ್ರು ಎಂದರೆ ಸೋಸಲೆಯ ನಾಗರಾಜಪ್ಪ ಮೇಷ್ಟ್ರು. ನಮ್ಮವರ ಪಾಲಿಗೆ ಅಂಥ ಗಿರಾಕಿ ಇನ್ನೊಬ್ಬರಿಲ್ಲ. ನೇರವಾಗಿ ಫೋನ್ ಮಾಡುತ್ತಾರೆ, ಹೀಗಾಗಿ ನಡುವೆ ಯಾರಿಗೂ ಕಮಿಷನ್ ಕೊಡಬೇಕಿಲ್ಲ. ಚೌಕಾಸಿಯಿಲ್ಲ, ಕಾರು ನಿಂತ ಕೂಡಲೇ ಕೈಗೆ ದುಡ್ಡು. 'ಬ್ಯಾಡ' ಎಂದದ್ದಕ್ಕೆ ಅದು ಕಾರಣ. ಆದರೆ ನನಗೆ ಕೇಳಿಸಿದ್ದೇ ಬೇರೆ: ಇಲ್ಲೇ ಇದೆ ಗುಟ್ಟು!

ಮರುದಿನ ಶುಕ್ರವಾರ. ಮದುವೆಮನೆಗೆ ಉಡುವ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಅವರಿಗಿಂತ ಮೊದಲೇ ಹೋಗಿ ಕಾರಿನ ಮುಂದಿನ ಸೀಟಿನಲ್ಲಿ ಕೂತುಬಿಟ್ಟೆ. ತಿಂಡಿ ತಿನ್ನುವಷ್ಟೂ ಪುರುಸೊತ್ತು ಮಾಡಿಕೊಳ್ಳಲಿಲ್ಲ. ಎದ್ದರೆ ಬಿಟ್ಟು ಹೋಗಿಬಿಡುತ್ತಾರೆ ಎಂಬ ಭಯ!

ಸೋಸಲೆಯಲ್ಲಿ ಮೇಷ್ಟ್ರು ಮತ್ತು ಅವರ ಹೆಂಡತಿ ಸರೋಜಮ್ಮ ಹಣ್ಣಿನ ತಟ್ಟೆ, ಸೀರೆಯ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಸರೋಜಮ್ಮನ ತಮ್ಮನ ಮಗನಿಗೆ ನಂಜನಗೂಡಿನ ಛತ್ರವೊಂದರಲ್ಲಿ ನಿಶ್ಚಿತಾರ್ಥ. ಹತ್ತೂವರೆಗೆ ರಾಹುಕಾಲ ಶುರು, ಅದಕ್ಕೆ ಮೊದಲೇ ಶಾಸ್ತ್ರ ಮುಗಿಯಬೇಕು. ಹೆಣ್ಣಿಗೆ ಉಡಿಸುವ ಸೀರೆ ಇವರ ಕೈಯಲ್ಲೇ ಇದೆ.

ಮೇಷ್ಟ್ರು ಮುಂದಿನ ಬಾಗಿಲು ತೆಗೆದರು. ನನ್ನನ್ನು ನೋಡಿದರು. ಆಮೇಲೆ ನಮ್ಮವರನ್ನು ನೋಡಿದರು. ನಮ್ಮವರು ಬೆವೆತರು. ಹೆಂಡತಿ ಲೆಕ್ಕ ತಪಾಸಣೆಗೆ ಬಂದಿದ್ದಾಳೆ ಎಂದು ಯಾವ ಗಂಡಸು ಹೇಳಿಯಾನು?

"ನಮ್ಮನೆಯವ್ರು ಸಾ. ಸ್ವಲ್ಪ ಉಷಾರಿಲ್ಲ. ನಂಜನಗೂಡಲ್ಲಿ ತೋರ್ಸವ ಅಂತ..."

ಮಲ್ಲಿಗೆ ಮುಡಿದು ಮಿರಿಮಿರಿ ಮಿಂಚುತ್ತಿದ್ದ ನಾನು ಆ ಕ್ಷಣದಿಂದ ರೋಗಿಯಾದೆ!

ನಾನು ಇಳಿದು ಹಿಂದಿನ ಸೀಟಿಗೆ ಹೋದೆ. ಸರೋಜಮ್ಮ ನನ್ನ ಪಕ್ಕ ಕೂತವರೇ ಹಣೆ ಮುಟ್ಟಿ ನೋಡಿದರು. "ಏನಾಗಿದೆ ತಾಯಿ?"

"ಮಂಡಿ ನೋವು," ಎಂದೆ ನಾನು.

"ತಲೆಸುತ್ತು," ಎಂದರು ನಮ್ಮವರು, ಅದೇ ಉಸಿರಿನಲ್ಲಿ.

ಗಂಡನ ಮಾನ ಉಳಿಸಲು ನಾನೇ ಮುಂದಾದೆ. "ತಲೆ ಸುತ್ತಿ ಬಿದ್ದೆ ಕಣಮ್ಮ. ಬಿದ್ದಿದ್ದಕ್ಕೆ ಮಂಡಿ ನೋವು." ಎರಡು ಸುಳ್ಳಿಗೆ ಇಷ್ಟು ಚೆನ್ನಾಗಿ ಬೆಸುಗೆ ಹಾಕಿದ್ದಕ್ಕೆ ನನಗೇ ಹೆಮ್ಮೆಯಾಯಿತು. ಆದರೆ ಸರೋಜಮ್ಮನ ಮುಖ ಬಿಳಿಚಿಕೊಂಡಿತು.

"ಅಯ್ಯೋ, ತಲೆ ಸುತ್ತಿ ಬಿದ್ದೆಯಾ? ನಮ್ಮಕ್ಕನಿಗೂ ಹೀಗೇ ಶುರುವಾದದ್ದು. ನಿರ್ಲಕ್ಷ್ಯ ಮಾಡಿದರು, ಕಳಕೊಂಡೆವು. ಶಿವಸ್ವಾಮಿ, ಮೊದಲು ಆಸ್ಪತ್ರೆಗೆ ನಡಿಯಪ್ಪ. ಆಮೇಲೆ ಛತ್ರ."

"ಬ್ಯಾಡಿ ಅಮ್ಮ, ನಿಮ್ಮನ್ನ ಬಿಟ್ಟು ಆಮೇಲೆ ಓಯ್ತೀವಿ," ಎಂದರು ನಮ್ಮವರು ಗಾಬರಿಯಿಂದ.

"ಇನ್ನೂ ಬೇಕಾದಷ್ಟು ಹೊತ್ತಿದೆ. ಹೇಳಿದಷ್ಟು ಕೇಳು," ಎಂದರು ಮೇಷ್ಟ್ರು. ಊರಿನ ಅರ್ಧ ಜನಕ್ಕೆ ಪಾಠ ಹೇಳಿದ ದನಿ ಅದು. ಯಾರೂ ಎದುರಾಡುವುದಿಲ್ಲ.

ನಂಜನಗೂಡಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಡಾಕ್ಟರು ಬಿಪಿ ನೋಡಿದರು. ಹುಬ್ಬೇರಿಸಿದರು. ಇನ್ನೊಮ್ಮೆ ನೋಡಿದರು. ಸುಳ್ಳು ಹೇಳಿದ ಭಯಕ್ಕೆ ಬಿಪಿ ಎಲ್ಲಿಗೋ ಏರಿತ್ತು!

"ಬೆಳಗ್ಗೆ ಏನು ತಿಂದಿರಿ?"

"ಏನೂ ಇಲ್ಲ ಸಾ."

"ಏನೂ ತಿಂದಿಲ್ಲ, ಬಿಪಿ ಬೇರೆ ಜಾಸ್ತಿ ಇದೆ, ತಲೆ ಸುತ್ತುತ್ತಂತೆ. ಒಂದು ಬ್ಲಡ್ ಟೆಸ್ಟ್ ಮಾಡಿಸೋಣ. ಡ್ರಿಪ್ಸ್ ಹಾಕ್ತೀನಿ, ಮಲಗಿ."

ಎದ್ದು ಓಡಿಬಿಡೋಣ ಎನ್ನಿಸಿತು. ಆದರೆ ಮಂಡಿ ನೋವೆಂದು ಹೇಳಿದವಳು ಓಡುವುದು ಹೇಗೆ? ಮಲಗಿದೆ. ಬಾಟಲಿಯಿಂದ ನೀರು ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. ಅಷ್ಟು ನಿಧಾನವಾಗಿ ಯಾವುದೂ ಇಳಿದದ್ದನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಸರೋಜಮ್ಮ ನನ್ನ ತಲೆಯ ಹತ್ತಿರವೇ ಕೂತು ಸೆರಗಿನಲ್ಲಿ ಗಾಳಿ ಹಾಕುತ್ತಿದ್ದರು. ತೊಡೆಯ ಮೇಲೆ ಹೆಣ್ಣಿನ ಸೀರೆಯ ತಟ್ಟೆ. ಮೇಷ್ಟ್ರ ಫೋನು ಬಡಿದುಕೊಳ್ಳುತ್ತಲೇ ಇತ್ತು.

"ನಿಮ್ಮನ್ನ ಬಿಟ್ಬುಟ್ಟು ಬಂದ್ಬುಡ್ತೀನಿ ಸಾ," ಎಂದು ನಮ್ಮವರು ಅಂಗಲಾಚಿದರು.

"ಹೆಂಡತಿಗೆ ಡ್ರಿಪ್ಸ್ ಹಾಕಿದ್ದಾರೆ, ಬಿಟ್ಟು ಗಾಡಿ ಓಡಿಸ್ತೀಯಾ? ಮೈಮೇಲೆ ಪ್ರಜ್ಞೆ ಇರಲ್ಲ ನಿನಗೆ. ಇನ್ನೇನು, ಮುಗೀತು," ಎಂದರು ಸರೋಜಮ್ಮ.

ಮುಗಿಯಿತು. ಬಾಟಲಿಯ ಜೊತೆಗೆ ಮುಹೂರ್ತವೂ ಮುಗಿಯಿತು. ನಾವು ಛತ್ರ ಮುಟ್ಟುವಾಗ ರಾಹುಕಾಲ ಆಗಲೇ ಬಂದು ಕೂತಿತ್ತು. ಇನ್ನು ಹನ್ನೆರಡರವರೆಗೆ ಏನೂ ಮಾಡುವ ಹಾಗಿಲ್ಲ. ಎರಡೂ ಕಡೆಯ ನೆಂಟರು ಹಸಿದುಕೊಂಡು ಬಾಗಿಲ ಕಡೆಗೇ ನೋಡುತ್ತಿದ್ದರು. ಸರೋಜಮ್ಮನ ತಮ್ಮ ಮೆಟ್ಟಿಲಿಳಿದು ಬಂದು, ಎಲ್ಲರಿಗೂ ಕೇಳಿಸುವಂತೆಯೇ ಕೂಗಾಡಿದರು.

"ಭಾವ, ನಿಮಗೆ ಹೊತ್ತು ಗೊತ್ತಿರಲಿಲ್ವಾ? ಗಂಡಿನ ಕಡೆಯವರೇ ಹೀಗೆ ಮಾಡಿದರೆ ಬೀಗರ ಮುಂದೆ ನನ್ನ ಮುಖ ಎಲ್ಲಿಡಲಿ?"

"ಡ್ರೈವರ್ ಮನೆಯವರಿಗೆ ಹುಷಾರಿರಲಿಲ್ಲ," ಎಂದರು ಮೇಷ್ಟ್ರು ತಗ್ಗಿದ ದನಿಯಲ್ಲಿ.

"ಡ್ರೈವರ್ ಹೆಂಡತಿ ಹುಷಾರು ತಪ್ಪಿದರೆ ನಮ್ಮ ಶಾಸ್ತ್ರ ನಿಲ್ಲಬೇಕಾ?"

"ಶಾಸ್ತ್ರ ಹನ್ನೆರಡು ಗಂಟೆಗೆ ಮಾಡಬಹುದು ಕಣಯ್ಯ. ಜೀವ ಹೋದರೆ ಬರುತ್ತಾ?"

ಅಷ್ಟು ಜನರ ಮುಂದೆ ಆ ಹಿರಿಯರು ಬಾಮೈದನಿಂದ ಬೈಸಿಕೊಂಡು, ನನ್ನ ಕಡೆ ತಿರುಗಿ, "ಈಗ ಹೇಗಿದೀಯಮ್ಮ?" ಎಂದು ಕೇಳಿದರು. ಡಾಕ್ಟರು ಕೊಟ್ಟ ಯಾವ ಸೂಜಿಯೂ ನನ್ನನ್ನು ಅಷ್ಟು ಆಳವಾಗಿ ಚುಚ್ಚಿರಲಿಲ್ಲ. ಭೂಮಿ ಬಾಯಿ ತೆರೆಯಲಿ ಎಂದು ಬೇಡಿಕೊಂಡೆ. ಛತ್ರದ ನೆಲಕ್ಕೆ ಗ್ರಾನೈಟ್ ಹಾಕಿಸಿದ್ದರು, ತೆರೆಯಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಒಬ್ಬಳೇ ನೊಂದುಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಊಟವೊಂದು ಬಾಕಿ ಇತ್ತಲ್ಲ!

ಹನ್ನೆರಡರ ಮೇಲೆ ಶಾಸ್ತ್ರ ಮುಗಿದದ್ದೇ, ಸರೋಜಮ್ಮ ನನ್ನನ್ನು ಒಂದು ಮೂಲೆಯಲ್ಲಿ ಕೂರಿಸಿ, ಅಡಿಗೆಯವರಿಗೆ ಹೇಳಿ ಗಂಜಿ ಮಾಡಿಸಿ ಕೊಟ್ಟರು. ಅವರು ಆ ಕಡೆ ಹೋದದ್ದೇ ತಡ, ಒಬ್ಬಟ್ಟಿನ ಪರಿಮಳ ಈ ಕಡೆ ಬಂತು. ಹಿಂದಿನ ರಾತ್ರಿಯಿಂದ ಹೊಟ್ಟೆಗೆ ಬಿದ್ದದ್ದು ಆ ಬಾಟಲಿಯ ನೀರೊಂದೇ. ಗಂಜಿಯ ಲೋಟ ಪಕ್ಕಕ್ಕಿಟ್ಟು ಪಂಕ್ತಿಯಲ್ಲಿ ಕೂತೆ. ಮೊದಲನೇ ಒಬ್ಬಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಎರಡನೆಯದನ್ನು ತುಪ್ಪದಲ್ಲಿ ಅದ್ದಿದೆ. "ಇನ್ನೊಂದು ಆಕಿ, ತುಪ್ಪ ಜೋರಾಗೇ ಬಿಡಿ," ಎಂದು ತಲೆಯೆತ್ತಿದರೆ, ತುಪ್ಪದ ಪಾತ್ರೆ ಹಿಡಿದು ನಿಂತಿದ್ದವರು ಸರೋಜಮ್ಮ!

"ತಲೆಸುತ್ತು?" ಎಂದರು.

ಬಾಯಿ ತುಂಬ ಒಬ್ಬಟ್ಟಿದ್ದಾಗ ಸುಳ್ಳು ಹೇಳುವುದು ಕಷ್ಟ. ನುಂಗಿ, ನಿಜ ಹೇಳಿಬಿಟ್ಟೆ. ಕಾಯಿಲೆ ಇಲ್ಲ, ನಮ್ಮವರ ಸಂಪಾದನೆ ಎಷ್ಟೆಂದು ನೋಡಲು ಬಂದೆ ಎಂದೆ.

ಅವರು ಬೈದಿದ್ದರೆ ಚೆನ್ನಾಗಿತ್ತು. "ನಾನು ನಮ್ಮಕ್ಕನ್ನ ನೆನಸ್ಕೊಂಡು ಕೂತಿದ್ದೆನಲ್ಲೇ..." ಎಂದಷ್ಟೇ ಹೇಳಿ, ಎಲೆಯ ಮೇಲೆ ತುಪ್ಪ ಬಡಿಸಿ ಮುಂದೆ ಹೋದರು. ನಾನು ಮೂರನೇ ಒಬ್ಬಟ್ಟಿಗೆ ಕಾಯದೆ ಎಲೆ ಮಡಿಸಿ ಎದ್ದೆ.

ವಾಪಸು ಬಂದೆವು. ಸೋಸಲೆಯಲ್ಲಿ ಮೇಷ್ಟ್ರು ಒಪ್ಪಿಕೊಂಡಿದ್ದ ಎರಡು ಸಾವಿರವನ್ನು ನಮ್ಮವರ ಕೈಗಿಟ್ಟರು. ಬೇಡವೆಂದರೂ ಬಿಡಲಿಲ್ಲ. ಯಾವಾಗಲೂ "ಫೋನ್ ಮಾಡ್ತೀನಪ್ಪ" ಎನ್ನುವವರು ಅಂದು ಅದನ್ನು ಮಾತ್ರ ಹೇಳಲಿಲ್ಲ.

ಊರಿನ ದಾರಿಯಲ್ಲಿ ನಮ್ಮವರು ಮರದ ನೆರಳಲ್ಲಿ ಕಾರು ನಿಲ್ಲಿಸಿ, ಸ್ಟೇರಿಂಗಿನ ಪಕ್ಕದಿಂದ ಒಂದು ಬನ್ನು ತೆಗೆದು ತಿನ್ನತೊಡಗಿದರು.

"ನೀವು ಊಟ ಮಾಡ್ಲಿಲ್ವಾ?"

"ಡ್ರೈವರಿಂದ್ಲೇ ಲೇಟಾಯ್ತು ಅಂತ ಎಲ್ಲರಿಗೂ ಕ್ವಾಪ. ಯಾರೂ ಕರೀಲಿಲ್ಲ. ನಾನೇ ಓಗಿ ಕೂತ್ಕಳಕ್ಕಾದ್ದಾ?"

ಒಳಗೆ ನಾನು ತುಪ್ಪ ಜೋರಾಗಿ ಬಿಡಿ ಎನ್ನುತ್ತಿದ್ದಾಗ ಹೊರಗೆ ಬಿಸಿಲಲ್ಲಿ ಇವರು ಹಸಿದು ಕೂತಿದ್ದರು. ನನಗೆ ಅಳು ಬಂತು. ಅವರು ಮಾತ್ರ ಬನ್ನು ತಿನ್ನುತ್ತಲೇ, ಸಿಟ್ಟಿಲ್ಲದೆ, ನಾನು ನೋಡಲು ಬಂದಿದ್ದನ್ನು ತೋರಿಸಿಯೇ ಬಿಟ್ಟರು.

"ಬಾಡಿಗೆ ಎರಡು ಸಾವಿರ. ಡೀಸೆಲ್‌ಗೆ ನಾನೂರೈವತ್ತು. ಕಂತಿಗೆ ಅಂತ ಆರ್ನೂರು ಎತ್ತಿಡ್ಬೇಕು. ಟೈರು, ಸರ್ವೀಸು, ಇನ್ಸೂರೆನ್ಸು, ಎಫ್ಸಿ ಅಂತ ಇನ್ನೂರೈವತ್ತು. ಉಳಿಯೋದು ಏಳ್ನೂರು. ನಾಳೆ ನಾಡಿದ್ದು ಬಾಡಿಗೆ ಇಲ್ಲ ಅಂದ್ರೆ ಅದ್ನೇ ಮೂರು ದಿನಕ್ಕೆ ಅಂಚ್ಕಬೇಕು. ಗಾಡಿ ನಿಂತಿರ್ತದೆ ಕನಮ್ಮಿ, ಕಂತು ನಿಂತಿರಾಕಿಲ್ಲ."

"ಇವತ್ತು ಏಳ್ನೂರು ಉಳೀತಲ್ಲ?" ಎಂದೆ ಮೂಗೊರೆಸಿಕೊಳ್ಳುತ್ತ.

"ನಿನ್ ಡಾಕ್ಟ್ರು, ಟೆಸ್ಟು, ಡ್ರಿಪ್ಸು ಸೇರಿ ಸಾವಿರದ ನೂರೈವತ್ತು."

ಹೀಗೆ, ಗಂಡನ ಹಣ ಎಲ್ಲಿಗೆ ಹೋಗುತ್ತದೆಂದು ಪತ್ತೆ ಮಾಡಲು ಹೊರಟ ನಾನು ಪತ್ತೆ ಮಾಡಿಯೇ ಬಂದೆ. ಅಂದು ಅದು ಪೂರ್ತಿಯಾಗಿ ನನ್ನ ಎಡಗೈಯ ನರದೊಳಗೆ ಹೋಗಿತ್ತು!

ಮೇಷ್ಟ್ರ ಫೋನು ಬರಲಿಲ್ಲ. ಅದೇ ಹುಡುಗನ ಮದುವೆಗೆ ಮೂರು ದಿನ ಗಾಡಿ ಬೇಕು ಎಂದು ಮೊದಲೇ ಹೇಳಿದ್ದರಂತೆ. ಆ ಮೂರು ದಿನವೂ ನಮ್ಮ ಎದುರಿಗೇ ಬೇರೆ ಕಾರು ಸೋಸಲೆಗೆ ಹೋಯಿತು, ಬಂತು. ನಮ್ಮವರು ಸ್ಟ್ಯಾಂಡಿನಲ್ಲಿ ಕಾರು ಒರೆಸಿದರು. ಒರೆಸಿದ್ದನ್ನೇ ಒರೆಸಿದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅದಕ್ಕೇ ನನಗೆ ನಿದ್ದೆ ಬರಲಿಲ್ಲ.

ಕೊನೆಗೆ ಒಂದು ದಿನ ಬಸ್ಸು ಹತ್ತಿ ಸೋಸಲೆಗೆ ಹೋದೆ. ಸರೋಜಮ್ಮ ಒಳಗೆ ಕರೆದು ಕಾಫಿ ಕೊಟ್ಟರು. ನಾನು ಅತ್ತುಕೊಂಡು ತಪ್ಪೊಪ್ಪಿಕೊಂಡೆ. "ನನ್ನ ಮೇಲಿನ ಕೋಪಾನ ಅವರ ಒಟ್ಟೆ ಮೇಲೆ ತೀರಿಸ್ಕಬ್ಯಾಡಿ ಅಮ್ಮ," ಎಂದೆ.

"ಛೆ ಛೆ, ಶಿವಸ್ವಾಮಿ ಮೇಲೆ ನಮಗೆ ಯಾವ ಕೋಪವೂ ಇಲ್ಲಮ್ಮ. ಚಿನ್ನದಂಥ ಮನುಷ್ಯ," ಎಂದು ಅವರು ಸ್ವಲ್ಪ ತಡೆದರು. "ಆದರೆ ಅವನನ್ನ ಕರೆದರೆ ನೀನೂ ಬಂದುಬಿಡ್ತೀಯೇನೋ ಅಂತ ಇವರಿಗೆ ಭಯ."

ಬರುವುದಿಲ್ಲ ಎಂದು ಅವರ ದೇವರ ಮನೆಯ ಮುಂದೆ ನಿಂತು ಪ್ರಮಾಣ ಮಾಡಿ ಬಂದೆ. ಒಂದು ವಾರ ಬಿಟ್ಟು ಮೇಷ್ಟ್ರು ಫೋನ್ ಮಾಡಿದರು. ಬಾಡಿಗೆ ಹತ್ತಿರದ್ದು, ಮೂಗೂರಿಗೆ ಹೋಗಿ ಬರುವುದಷ್ಟೇ. ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಆದರೆ ಅಷ್ಟರಲ್ಲಿ ನನ್ನ ಆಡಿಟ್ಟಿನ ಕಥೆ ಸೋಸಲೆಯಿಂದ ಸ್ಟ್ಯಾಂಡಿಗೆ, ಸ್ಟ್ಯಾಂಡಿನಿಂದ ಊರಿಗೆಲ್ಲ ಹಬ್ಬಿತ್ತು. ಈಗ ಗುರುತಿಲ್ಲದ ಗಿರಾಕಿಗಳೂ ಅದನ್ನು ಕೇಳಿಯೇ ಬಾಡಿಗೆ ಗೊತ್ತು ಮಾಡುತ್ತಾರೆ. ಬೆಳಗ್ಗೆ ನಾನು ರೊಟ್ಟಿ ತಟ್ಟುತ್ತಿರುವಾಗ ಹೊರಗೆ ನಮ್ಮವರು ಫೋನಿನಲ್ಲಿ ವಿನಯವಾಗಿ ಹೇಳುವುದು ಕಿವಿಗೆ ಬೀಳುತ್ತದೆ:

"ಊ ಸಾ, ಏಸಿ ಐತೆ. ಸೀಟೆಲ್ಲಾ ಕ್ಲೀನಾಗೈತೆ... ಇಲ್ಲ ಸಾ, ಅವ್ರು ಬರಾಕಿಲ್ಲ. ನಾನೊಬ್ನೇ!"