ನಾನು ಕತ್ತರಿಸಿದ ಆಯೇರಿ

ನಮ್ಮ ಕಡೆ ಮದುವೆಯ ವಿಡಿಯೋ ಎಂದರೆ ಮೂರು ತಾಸಿನ ಶಿಕ್ಷೆ. ನೋಡದಿದ್ದರೆ ಬೀಗರಿಗೆ ಸಿಟ್ಟು, ನೋಡಿದರೆ ನಮ್ಮ ಸೊಂಟಕ್ಕೆ ನೋವು. ನನ್ನ ಹೆಂಡತಿ ಉಜ್ವಲಾಳ ತಮ್ಮ ನಿಲೇಶನ ಮದುವೆ ಅಕ್ಕಲಕೋಟೆಯಲ್ಲಿ ಮುಗಿದ ಮೇಲೆ, ವಿಡಿಯೋದವನು ಎಡಿಟಿಂಗಿಗೆ ಬಹಳ ದಿನ ಬೇಕೆಂದ. ಲೋಕಕಲ್ಯಾಣಾರ್ಥವಾಗಿ ಆ ಕೆಲಸವನ್ನು ನಾನೇ ವಹಿಸಿಕೊಂಡೆ. ಸೋಲಾಪುರದ ವಿಜಾಪುರ ರಸ್ತೆಯಲ್ಲಿ ನನ್ನದೊಂದು ಪಾತ್ರೆ ಅಂಗಡಿ ಇದೆ. ಮಧ್ಯಾಹ್ನ ಗಿರಾಕಿ ಕಡಿಮೆ. (ಬೆಳಿಗ್ಗೆಯೂ ಅಷ್ಟೇ ಅನ್ನಿ.)

ಲ್ಯಾಪ್‌ಟಾಪಿಗೆ ಸಾಫ್ಟ್‌ವೇರ್ ಹಾಕಿಕೊಂಡು, ಯೂಟ್ಯೂಬಿನ ಮರಾಠಿ ಗುರುವೊಬ್ಬನ ಪಾದಕ್ಕೆ ಬಿದ್ದೆ. ಬೇಡವಾದದ್ದನ್ನು ಕತ್ತರಿಸುವುದು ಮೊದಲ ಪಾಠ. ಕೂಡಿಸುವುದು, ಹಾಡು ಹಾಕುವುದು ಆಮೇಲೆ. ನನಗೆ ಮೊದಲನೆಯದೇ ಬಹಳ ಹಿಡಿಸಿತು. ಊಟದ ಪಂಕ್ತಿ ಹೋಯಿತು, ಮೆರವಣಿಗೆ ಮೊಟಕಾಯಿತು. ಆಮೇಲೆ ಬಂತು ಹುಡುಗನ ಬಳಗದ ಆಯೇರಿ, ಅಂದರೆ ಉಡುಗೊರೆ ಕೊಡುವ ಶಾಸ್ತ್ರ. ಒಬ್ಬೊಬ್ಬರೇ ವೇದಿಕೆ ಹತ್ತಿ ಮದುಮಗನಿಗೆ ಶಲ್ಯ ಹೊದಿಸುವುದು, ಕಾಯಿ ಕೊಡುವುದು, ಪಾಸ್‌ಪೋರ್ಟ್ ಫೋಟೋಕ್ಕೆ ನಿಂತಂತೆ ಕ್ಯಾಮೆರಾ ನೋಡುವುದು. ಇಡೀ ಆಯೇರಿಯನ್ನು ಎತ್ತಿ ಹೊರಗೆ ಹಾಕಿದೆ. ಹತ್ತು ನಿಮಿಷದ ಚಿತ್ರ ಸಿದ್ಧವಾಯಿತು. ಜಾಗ ಸಾಲದ್ದರಿಂದ ಮೂಲ ವಿಡಿಯೋ ಅಳಿಸಿಬಿಟ್ಟೆ. ತನ್ನ ಹತ್ತಿರ ಇನ್ನೊಂದು ಕಾಪಿ ಇಲ್ಲವೆಂದು ವಿಡಿಯೋದವನು ಹೇಳಿದ್ದು ನೆನಪಾದದ್ದು ಆಮೇಲೆ.

ಭಾನುವಾರ ತಡವಳದಲ್ಲಿ, ಮಾವನ ಮನೆಯ ಟಿ.ವಿ.ಯಲ್ಲಿ ಬಿಡುಗಡೆ. ಬಳಗವೆಲ್ಲ ಕೂಡಿತ್ತು. ಎಲ್ಲರಿಗಿಂತ ಮುಂದೆ ಉಜ್ವಲಾಳ ಸೋದರತ್ತೆ ಕಸ್ತೂರಬಾಯಿ. ಆ ಮನೆತನದ ಹಿರಿಯರು ಅವರೇ. ಮೊದಲ ಆಯೇರಿ ಅವರದೇ ಆಗಬೇಕು. ಚಿತ್ರ ಮುಗಿಯಿತು. ನಾನು ಚಪ್ಪಾಳೆಗೆ ಕಾದೆ.

"ನಮ್ಮ ಆಯೇರಿ ಎಲ್ಲಿ ಹೋತ್ರಿ ಜಾವಾಯಿ?" ಎಂದು ಕಸ್ತೂರಬಾಯಿ ಅಳಿಯನಾದ ನನ್ನನ್ನು ಕೇಳಿದರು.

ನೋಡುವವರಿಗೆ ಬೇಸರವಾಗಬಾರದೆಂದು ತೆಗೆದೆ ಅಂತ ಗುರುವಿನ ಮಾತನ್ನೇ ಒಪ್ಪಿಸಿದೆ.

"ನೋಡಾವ್ರು ನಾವೇ ಅಲ್ಲೇನ್ರಿ? ನಾವು ಮದಿವಿಗಿ ಬಂದಿದ್ವಿ ಅನ್ನಾಕ ಇನ್ನೇನ ಸಾಕ್ಷಿ ಉಳೀತು?"

ಚಹಾ ಮುಟ್ಟದೆ ಎದ್ದು ಹೋದರು. ಹಿಂದೆಯೇ ಬಳಗವೂ ಹೋಯಿತು. ಮುಂದಿನ ತಿಂಗಳು ನಮ್ಮ ಹೊಸ ಮನೆಯ ವಾಸ್ತುಶಾಂತಿ. ಕಸ್ತೂರಬಾಯಿ ಬಾರದಿದ್ದರೆ ತಡವಳದಿಂದ ಒಂದು ನರಪಿಳ್ಳೆಯೂ ಬರುವುದಿಲ್ಲ. ತವರಿನವರಿಲ್ಲದೆ ಹೊಸ ಒಲೆಯ ಮೇಲೆ ಹಾಲು ಉಕ್ಕಿಸುವುದು ಹೇಗೆಂದು ಉಜ್ವಲಾ ಬಸ್ಸಿನಲ್ಲಿ ಸೋಲಾಪುರದವರೆಗೂ ಅತ್ತಳು. ನನಗೂ ನಿಜವಾಗಿ ಕೆಡುಕೆನಿಸಿತು.

ಕಡೆಗೆ ಮಾವ ಶಾಂತಲಿಂಗಪ್ಪನವರು ತೀರ್ಪು ಕೊಟ್ಟರು: ಆಯೇರಿ ಇನ್ನೊಮ್ಮೆ ಆಗಲಿ, ಊಟದ ಖರ್ಚು ಅಳಿಯಂದಿರದು. ನಿಲೇಶನಿಗೆ ಲಾತೂರಿನ ನೌಕರಿಯಲ್ಲಿ ರಜೆ ಸಿಗಲಿಲ್ಲ. ಆದ್ದರಿಂದ ಮದುಮಗನಾಗಿ ನಾನೇ ನಿಲ್ಲಬೇಕಾಯಿತು. ಅವನ ಶೇರವಾನಿಯೊಳಗೆ ನನ್ನನ್ನು ಮೂರು ಜನ ಸೇರಿ ತುಂಬಿದರು. ಆ ಸೆಕೆಯಲ್ಲಿ ಶಲ್ಯದ ಮೇಲೆ ಶಲ್ಯ ಹೊದೆದೆ. ಕಸ್ತೂರಬಾಯಿ ಕ್ಯಾಮೆರಾ ನೋಡಿದರು, ನನ್ನನ್ನು ನೋಡಲಿಲ್ಲ.

"ಮಾರಿ ಮಾತ್ರ ನಿಲೇಶಂದೇ ಇರ್ಲಿ," ಎಂದು ಅಪ್ಪಣೆ ಮಾಡಿದರು.

ಮತ್ತೆ ಗುರುವಿನ ಪಾದ. ಈ ಸಲ ಚಿತ್ರದ ಮೇಲೆ ಚಿತ್ರ ಅಂಟಿಸುವ ಪಾಠ. ಅಂಗಡಿ ಮರೆತು, ಕಣ್ಣು ಕೆಂಪಾಗುವವರೆಗೆ ಕೂತು, ನನ್ನ ಮುಖದ ಮೇಲೆ ನಿಲೇಶನ ಮುಖ ಕೂಡಿಸಿದೆ. ಕಸ್ತೂರಬಾಯಿ ತಮ್ಮ ಆಯೇರಿಯನ್ನು ಮತ್ತೆ ಮತ್ತೆ ಹಚ್ಚಿಸಿ ನೋಡಿ, ವಾಸ್ತುವಿಗೆ ಬರುವೆನೆಂದರು. ಗೆದ್ದೆ ಅಂದುಕೊಂಡೆ.

ಆ ವಿಡಿಯೋ ಅಕ್ಕಲಕೋಟೆಗೆ, ನಿಲೇಶನ ಮಾವನ ಮನೆಗೂ ಹೋಯಿತು. ಅವನ ಅತ್ತೆ ಉಜ್ವಲಾಳಿಗೆ ಫೋನ್ ಮಾಡಿ ಸುತ್ತುಬಳಸಿ ವಿಚಾರಿಸಿದರು: ಹುಡುಗ ಅಕ್ಷತೆಯ ಹೊತ್ತಿಗೆ ತೆಳ್ಳಗಿದ್ದ, ಆಯೇರಿಯ ಹೊತ್ತಿಗೆ ಅಷ್ಟು ದೊಡ್ಡ ಹೊಟ್ಟೆ ಎಲ್ಲಿಂದ ಬಂತು, ಏನಾದರೂ ಬೇನೆ ಮುಚ್ಚಿಟ್ಟಿದ್ದೀರಾ?

ಉಜ್ವಲಾ ಏನೋ ಹೇಳಿ ಫೋನ್ ಇಟ್ಟಳು. ಬಂದು ನನ್ನ ತಾಟಿನಿಂದ ಎರಡು ರೊಟ್ಟಿ ಎತ್ತಿಕೊಂಡಳು.

"ಅವರೂ ವಾಸ್ತುಕ್ಕ ಬರಾವ್ರದಾರ. ಈ ಹೊಟ್ಟಿ ಗುರ್ತು ಹಿಡದ್ರಂದ್ರ ನಮ್ಮ ಆಯೇರಿ ಖೊಟ್ಟಿ ಅಂತ ಗೊತ್ತಾಕ್ಕೈತಿ. ಅಷ್ಟರೊಳಗ ಇದನ್ನ ಕಟ್ ಮಾಡ್ರಿ."