ಗುಡ್ಡದ ನೆರೆಕರೆಗೊಂದು ಹೇಳಿಕೆ

ಈ ಲೋಕದಲ್ಲಿ ಅಪರೂಪದ್ದನ್ನು ಕಾಣುವವರು ಕೆಲವರು, ಅವರು ಕಂಡದ್ದು ನಿಜವೇ ಎಂದು ನೋಡಿಬರಲು ಅಟ್ಟಿಸಿಕೊಳ್ಳುವವರು ಕೆಲವರು. ನಾನು ಎರಡನೆಯ ಗುಂಪಿನವನು. ಬಂಟ್ವಾಳದ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಫ್ಯಾನಿನ ಕೆಳಗೆ ಕುಳಿತು ಕಳೆದ ಆಯುಷ್ಯದಲ್ಲಿ ನಾನು ಕಂಡ ಅತಿ ದೊಡ್ಡ ಕಾಡುಪ್ರಾಣಿ ಎಂದರೆ ಕಪಾಟಿನ ಹಿಂದಿನ ಹೆಗ್ಗಣ. ಅಂಥ ನನ್ನನ್ನು ಕಾಡುಮನುಷ್ಯನ ಶೋಧಕ್ಕೆಂದು ನೆರಿಯದ ಗುಡ್ಡ ಹತ್ತಿಸಿದವರು ನನ್ನ ಹೆಂಡತಿಯ ಅಣ್ಣ ಈಶ್ವರ ಭಾವ. ಅಮೆರಿಕದವರು ಅದಕ್ಕೆ ಬಿಗ್‌ಫುಟ್ ಎನ್ನುತ್ತಾರೆಂದು ಆಮೇಲೆ ಎಲ್ಲೋ ಓದಿದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಭಾವನಿಗೆ ಅಂಥ ಹೆಸರೇನೂ ಗೊತ್ತಿರಲಿಲ್ಲ. ಅವರು ಕಂಡದ್ದು ಬರೀ ಒಂದು ಹೆಜ್ಜೆ.

ಗುಡ್ಡದಲ್ಲಿ ಹರಿಯುವ ಸಣ್ಣ ತೋಡಿನಿಂದ ಅವರ ಮನೆಯಂಗಳಕ್ಕೆ ದಂಬೆಯಲ್ಲಿ, ಅಂದರೆ ಸೀಳಿದ ಅಡಕೆ ಮರದಲ್ಲಿ, ನೀರು ಹರಿದು ಬರುತ್ತಿತ್ತು. ಒಂದು ಬೆಳಿಗ್ಗೆ ನೀರು ನಿಂತಿತು. ಏನಾಯಿತೆಂದು ನೋಡಲು ಹೋದ ಭಾವನಿಗೆ ತೋಡಿನ ಬದಿಯ ಕೆಸರಿನಲ್ಲಿ ಮೊಳಕ್ಕಿಂತ ಉದ್ದದ, ಐದು ಬೆರಳಿನ, ಮನುಷ್ಯನದೇ ಎನ್ನುವಂಥ ಪಾದದ ಗುರುತು ಕಂಡಿತು. ನಾನಾದರೆ ಕಚ್ಚೆ ಬಿಗಿದು ಓಡುತ್ತಿದ್ದೆ. ಭಾವ ಮೊದಲು ದಂಬೆ ಸರಿಮಾಡಿದರು. ಆಮೇಲೆ ಆ ಗುರುತಿನ ಪಕ್ಕ ತಮ್ಮ ಪಾದವಿಟ್ಟು ನೋಡಿದರು. ಆಮೇಲೆ ಕಕ್ಕಿಂಜೆಯ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕಂಡದ್ದನ್ನು ಕಂಡ ಹಾಗೆ ಹೇಳಿದರು. ಅವರು ಮನೆ ಮುಟ್ಟುವ ಮೊದಲೇ ಸುದ್ದಿ ಬಸ್ಸು ಹತ್ತಿ, ಬೆಳ್ತಂಗಡಿ ದಾಟಿ, ಮೂಡುಬಿದಿರೆ ಸೇರಿತ್ತು. ದಾರಿಯಲ್ಲಿ ಕಾಡುಮನುಷ್ಯನಿಗೆ ಕೋರೆಹಲ್ಲೂ ಮೂಡಿತ್ತು.

ಮೂಡುಬಿದಿರೆಗೆ ಸುದ್ದಿ ಮುಟ್ಟಿದ್ದೇ ತೊಂದರೆಯಾದದ್ದು. ಭಾವನ ಮಗಳು ಸುಮತಿಗೆ ನಿಶ್ಚಯವಾಗಿದ್ದ ವರನ ಮನೆ ಅಲ್ಲಿ. ವರನ ತಂದೆ ನಿವೃತ್ತ ಹೆಡ್‌ಮಾಸ್ಟ್ರು. ನಗು ಅವರಿಗೆ ಆಗಿಬರುತ್ತಿರಲಿಲ್ಲ, ತಮ್ಮ ಬೀಗರನ್ನು ನೋಡಿ ಊರು ನಗುವುದಂತೂ ಸುತರಾಂ ಆಗದು. ನನ್ನನ್ನು ಕರೆಸಿ, ಅದು ಕರಡಿಯ ಹೆಜ್ಜೆ ಎಂದು ನಿಮ್ಮ ಭಾವ ಅದೇ ಹೋಟೆಲಿನಲ್ಲಿ ಒಮ್ಮೆ ಹೇಳಿಬಿಡಲಿ, ಇಲ್ಲವಾದರೆ ಈ ಸಂಬಂಧದ ಬಗ್ಗೆ ಮತ್ತೊಮ್ಮೆ ಯೋಚಿಸಬೇಕಾಗುತ್ತದೆ ಎಂದರು. ನನಗಂತೂ ಕರಡಿ ಬಹಳ ಅನುಕೂಲದ ಪ್ರಾಣಿಯಾಗಿ ಕಂಡಿತು. ಆ ಶನಿವಾರವೇ ನೆರಿಯಕ್ಕೆ ಹೋಗಿ ಅದನ್ನು ಭಾವನ ಮುಂದಿಟ್ಟೆ.

ಭಾವ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ, "ಕರಡಿ ಆಗಿದ್ದರೆ ಕರಡಿ ಅಂತಲೇ ಹೇಳ್ತಿದ್ದೆ ಭಾವ. ನನಗೇನು ಕರಡಿಯ ಮೇಲೆ ದ್ವೇಷ ಉಂಟಾ?" ಎಂದರು. ಹಿಮಾಲಯದಲ್ಲಿ ಹೆಜ್ಜೆ ಕಂಡರೆ ಪೇಪರಿನಲ್ಲಿ ಚಿತ್ರ ಹಾಕುತ್ತಾರೆ, ನೆರಿಯದಲ್ಲಿ ಕಂಡರೆ ಕರಡಿ ಮಾಡುತ್ತಾರೆ ಎಂದು ಗೊಣಗಿದರು. ಮದುವೆ ತಪ್ಪಿದರೆ ಇವರನ್ನೂ ಆ ಕಾಡಿಗೇ ಕಳಿಸುವುದು ಎಂದು ಅತ್ತಿಗೆ ಒಳಗಿನಿಂದ, ನಮಗೆ ಕೇಳುವಷ್ಟು ಮೆಲ್ಲಗೆ ಹೇಳಿದರು. ಸುಮತಿ ಮಾತ್ರ ಅಪ್ಪ ಕಂಡಿದ್ದಾರೆಂದರೆ ಕಂಡಿದ್ದಾರೆ ಎಂದು ಚಹಾದ ಲೋಟ ಇಟ್ಟು ಹೋದಳು. ಕಣ್ಣು ಕೆಂಪಗಿತ್ತು.

ನೆರೆಮನೆಯವರು ಕಾಡುಮನುಷ್ಯನನ್ನು ಹುಡುಕಲು ಕೋವಿ ಹಿಡಿದು ಹೊರಡುವ ಎಂದಿದ್ದರಂತೆ. ಭಾವ ಒಪ್ಪಿರಲಿಲ್ಲ. "ಮನೆಯಲ್ಲಿ ಮದುವೆ ಇಟ್ಟುಕೊಂಡು ನೆರೆಕರೆಗೆ ಕೋವಿ ತೋರಿಸುವುದಾ ಮಾರಾಯ್ರೇ? ಹೋಗಿ ಹೇಳಿಕೆ ಕೊಡುವ." ನಮ್ಮ ಕಡೆ ಹೇಳಿಕೆ ಎಂದರೆ ಖುದ್ದಾಗಿ ಹೋಗಿ ಬಾಯಲ್ಲಿ ಹೇಳುವ ಆಮಂತ್ರಣ. ಹಾಗೆ ಹೇಳದಿದ್ದರೆ, ಅಚ್ಚು ಹಾಕಿಸಿದ ಕಾಗದ ಕೈಗೆ ಬಂದರೂ ಯಾರೂ ಮದುವೆಯ ಊಟಕ್ಕೆ ಹೊರಡುವುದಿಲ್ಲ. ಅಡಗಿದವನನ್ನು ಹುಡುಕುವುದಕ್ಕಿಂತ ಮರ್ಯಾದೆಯಿಂದ ಕರೆದರೆ ತಾನಾಗಿ ಕಾಣಿಸಿಕೊಂಡಾನು ಎಂಬುದು ಭಾವನ ತರ್ಕ. ಪ್ರಪಂಚದಲ್ಲಿ ಇಂಥ ಪ್ರಾಣಿಗಳನ್ನು ಹುಡುಕುತ್ತ ಅಲೆದವರಲ್ಲಿ ಯಾರಿಗೂ ಇದು ಹೊಳೆದಿರಲಾರದು.

ಮರುದಿನ ನಾವು ಹೊರಡುವ ಹೊತ್ತಿಗೆ ಸರಿಯಾಗಿ ಹೆಡ್‌ಮಾಸ್ಟ್ರೇ ಉತ್ತರ ಕೇಳಲು ಬಂದಿಳಿದರು. ವಿಷಯ ತಿಳಿದು ಪಂಚೆ ಎತ್ತಿ ಕಟ್ಟಿ, ಕೊಡೆ ಊರಿಕೊಂಡು ನಮ್ಮ ಹಿಂದೆಯೇ ಹತ್ತಿದರು. ರಕ್ತ ಹೀರುವ ಉಂಬಳಗಳು ಗಂಡಿನ ಕಡೆ ಹೆಣ್ಣಿನ ಕಡೆ ಎಂದು ಭೇದ ಮಾಡದೆ ಎಲ್ಲರ ಕಾಲನ್ನೂ ಹಿಡಿದವು. ತೋಡಿನ ಬಳಿ ನೋಡಿದರೆ, ರಾತ್ರಿಯ ಮಳೆಗೆ ಕೆಸರೆಲ್ಲ ತೊಳೆದುಹೋಗಿತ್ತು.

ಹೆಡ್‌ಮಾಸ್ಟ್ರು ಬಗ್ಗಿ ನೋಡಿದರು. "ಈಗಲಾದರೂ ಕರಡಿ ಅಂತ ಹೇಳಿ. ಇಲ್ಲಿ ನಾವು ಮೂವರೇ ಇರುವುದು. ಮಾತು ಇಲ್ಲಿಗೇ ಮುಗಿಯುತ್ತದೆ."

ಭಾವ ಬಗ್ಗಿ ದಂಬೆಯ ಬಾಯಿಗೆ ಸಿಕ್ಕಿದ್ದ ತರಗೆಲೆ ತೆಗೆದರು. ಕರಡಿ ಎನ್ನಿ, ಒಂದೇ ಶಬ್ದ, ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಮಾಸ್ಟ್ರೇ, ಮಗಳ ಬಗ್ಗೆ ನಿಮಗೆ ಹೇಳಿದ್ದೂ ಇದೇ ಬಾಯಿ. ಓದಿದ್ದು ಎಷ್ಟು ಅಂತ ಹೇಳಿದ್ದೇನೆ, ಸಿಟ್ಟು ಸ್ವಲ್ಪ ಬೇಗ ಬರ್ತದೆ ಅಂತಲೂ ಹೇಳಿದ್ದೇನೆ. ಇದನ್ನು ಸುಳ್ಳು ಮಾಡಿದರೆ ನೀವು ಅದನ್ನು ಹೇಗೆ ನಂಬ್ತೀರಿ?"

ಭಾವ ಉತ್ತರಕ್ಕೆ ಕಾಯಲಿಲ್ಲ. ಹೆಗಲ ಮೇಲಿದ್ದ ಬೈರಾಸು ವಸ್ತ್ರವನ್ನು ಸೊಂಟಕ್ಕೆ ಕಟ್ಟಿ, ಕಾಡಿಗೆ ಮುಖಮಾಡಿ ಕೈಮುಗಿದು ಹೇಳಿದರು: "ನಮ್ಮಲ್ಲಿ ಮಗಳ ಮದುವೆ. ತಾವು ಹಿಂದಿನ ದಿನವೇ ಬಂದು ಚಂದಗಾಣಿಸಿ ಕೊಡಬೇಕು." ಎದುರಿಗೆ ಯಾರೂ ಇರಲಿಲ್ಲ. ಹಾಗಿದ್ದೂ ಆ ದನಿಯಲ್ಲಿ ಮರ್ಯಾದೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ. ನಮ್ಮ ಸಾಹೇಬರ ಎದುರಲ್ಲೂ ನಾನು ಅಷ್ಟು ಚೆನ್ನಾಗಿ ನಿಂತವನಲ್ಲ.

ಹೆಡ್‌ಮಾಸ್ಟ್ರು ಗಂಟಲು ಸರಿಮಾಡಿಕೊಂಡರು. ಸಂಬಂಧ ಮುರಿಯಿತು ಎಂದುಕೊಂಡೆ.

"ಹೇಳಿಕೆ ಪೂರ್ತಿ ಆಗಲಿಲ್ಲ. ಸಕುಟುಂಬ ಅಂತ ಹೇಳಲಿಲ್ಲವಲ್ಲ ನೀವು. ಅವರು ಹೆಂಡತಿ ಮಕ್ಕಳನ್ನು ಬಿಟ್ಟು ಬರುವುದಾ?" ಎಂದವರೇ ಕೊಡೆಯನ್ನು ನನ್ನ ಕೈಗಿತ್ತು, ಭಾವನ ಪಕ್ಕ ನಿಂತು ಕೈಮುಗಿದು, ಗಂಡಿನ ಕಡೆಯಿಂದ ತಮ್ಮದೂ ಒಂದು ಹೇಳಿಕೆ ಕೊಟ್ಟರು. ಸಕುಟುಂಬ ಎಂಬುದನ್ನು ಒತ್ತಿ ಹೇಳಿದರು. ಇಳಿಯುವಾಗ ಇಬ್ಬರೂ ಹೆಜ್ಜೆಯ ಉದ್ದದ ಬಗ್ಗೆ ಮಾತಾಡುತ್ತ ಮುಂದೆ ನಡೆದರು. ನಾನು ಕೊಡೆ ಹಿಡಿದು ಹಿಂದೆ.

ಬಂಟ್ವಾಳಕ್ಕೆ ಬಂದು ಇದನ್ನೆಲ್ಲ ಅಭಿಮಾನದಿಂದ ವರ್ಣಿಸಿದರೆ ನನ್ನ ಹೆಂಡತಿ ಕೇಳಿದ್ದು ಒಂದೇ ಮಾತು: ಗುಡ್ಡಕ್ಕೆ ಹೇಳಿಕೆ ಆಯಿತು, ತಂಗಿಯ ಮನೆಗೆ ಎಲ್ಲಿ? ಹೌದಲ್ಲ ಎನಿಸಿತು. ಮುಂದಿನ ವಾರ ಬೆಳ್ತಂಗಡಿಯಲ್ಲಿ ಸಿಕ್ಕಿದ ಭಾವನಲ್ಲಿ ಮೆಲ್ಲಗೆ ಪ್ರಸ್ತಾಪಿಸಿದೆ. ಅವರಿಗೆ ಆಶ್ಚರ್ಯ. "ಗುಡ್ಡದಲ್ಲಿ ಹೇಳುವಾಗ ನೀವು ಅಲ್ಲೇ ಇದ್ದಿರಲ್ಲ ಭಾವ. ಸಕುಟುಂಬ ಅಂತಲೂ ಆಯಿತು. ಇನ್ನು ಬೇರೆ ಹೇಳಬೇಕಾ?"

ಹಾಗೆ ನಾವು ಸಕುಟುಂಬ ಹೋಗಿ, ಸುಮತಿಯ ಮದುವೆಯಲ್ಲಿ ಹೊಟ್ಟೆ ತುಂಬ ಉಂಡು ಬಂದೆವು. ಕಾಡುಮನುಷ್ಯ ಬಂದಿದ್ದನೇ ಎಂದು ಈಗಲೂ ನನ್ನನ್ನು ಕೇಳುವವರಿದ್ದಾರೆ. ಅವನಿಗೆ ಕೊಟ್ಟ ಹೇಳಿಕೆಯಲ್ಲೇ ಹೋಗಿ ಎರಡು ಸಲ ಪಾಯಸ ಹಾಕಿಸಿಕೊಂಡವನು ನಾನು. ಬರಲಿಲ್ಲ ಎಂದು ಯಾವ ಬಾಯಿಂದ ಹೇಳಲಿ?